ಮಹರ್ ಕಾಲಮ್ಮು ಖಾಲಿ ಇದೆ

ಪ್ರೀತಿಯ ಮಗಳೇ,

ನಿಕಾಹ್‌ನಾಮೆಯ ನಮೂನೆ ಬಂದಿದೆ. ಮಹರ್, ಅಂದರೆ ನಿಕಾಹ್‌ನಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದ ಹಣ, ಎಷ್ಟು ಅಂತ ಕೇಳಿದರೆ, "ಅದೆಲ್ಲ ಸುಮ್ನೆ ಶಾಸ್ತ್ರಕ್ಕೆ ಅಬ್ಬಾ, ಏನಾದ್ರೂ ಬರೀರಿ" ಅಂದೆಯಲ್ಲ, ಅದಕ್ಕೇ ಈ ಕಾಗದ.

ಇಂದೋರಿನ ಶಾಬಾನು ಹೆಸರು ಕೇಳಿದ್ದೀಯ. ಐದು ಮಕ್ಕಳ ತಾಯಿ. 1978ರಲ್ಲಿ, 62ನೇ ವಯಸ್ಸಿನಲ್ಲಿ ಗಂಡ ತಲಾಕ್ ಕೊಟ್ಟ. ಆತ ವಕೀಲ ಬೇರೆ. ಮಹರಿನ 3,000 ರೂಪಾಯಿ ಕೋರ್ಟಿನಲ್ಲಿ ಕಟ್ಟಿ, ಲೆಕ್ಕ ಚುಕ್ತಾ ಅಂದ. ಮ್ಯಾಜಿಸ್ಟ್ರೇಟರು ತಿಂಗಳಿಗೆ 25 ರೂಪಾಯಿ ಜೀವನಾಂಶ ಅಂದರು. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆ ಮಾಡಿತು. ಆ 20 ಪೈಸೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಅಷ್ಟನ್ನೂ ಕೊಡಲಾರೆ ಅಂತ ಆತ ಸುಪ್ರೀಂ ಕೋರ್ಟಿಗೆ ಹೋದ!

1985ರ ಏಪ್ರಿಲ್‌ನಲ್ಲಿ ಅಲ್ಲೂ ಆಕೆಯೇ ಗೆದ್ದಳು. ಆದರೆ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಕುರಾನಿನ ಅರ್ಥ ಹೇಳಿದರು, ಏಕರೂಪ ನಾಗರಿಕ ಸಂಹಿತೆಯ ಮಾತನ್ನೂ ಎತ್ತಿದರು. ಅಲ್ಲಿಗೆ ಮುದುಕಿಯ ಅನ್ನದ ಮಾತು ಮೂಲೆಗೆ ಬಿತ್ತು. ಶರೀಅತ್‌ಗೇ ಕೈ ಹಾಕಿದರು ಅಂತ ನಮ್ಮವರು ಬೀದಿಗಿಳಿದರು. ನಾನೂ ಒಂದು ಮೆರವಣಿಗೆಯಲ್ಲಿ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಭಯ ಸುಳ್ಳಲ್ಲ. ಆದರೆ ಅದಕ್ಕೆ ದಂಡ ತೆತ್ತವಳು ಅವಳು. ಕೊನೆಗೆ ಈ ತೀರ್ಪು ನನಗೆ ಬೇಡ ಅಂತ ಅವಳೇ ಬರೆದುಕೊಟ್ಟಳು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಆ ತೀರ್ಪನ್ನು ಬದಿಗೆ ಸರಿಸಲು ಹೊಸ ಕಾಯ್ದೆ ತಂದಿತು. ಅದೇ ವರ್ಷ ಅಯೋಧ್ಯೆಯ ಬಾಬರಿ ಮಸೀದಿಯ ಬೀಗವೂ ತೆರೆಯಿತು. ಅದು ಕೋರ್ಟಿನ ಆದೇಶ, ನಿಜ. ನನಗಂತೂ ಎರಡೂ ಒಂದೇ ಸಂತೆಯ ವ್ಯಾಪಾರದಂತೆ ಕಂಡವು.

ಆದರೂ ಆ ಕಾಯ್ದೆಯ ಒಂದು ಮಾತು ಈ ಕನ್ನಡ ಮೇಷ್ಟ್ರಿಗೆ ಬಲು ಇಷ್ಟ. ಗಂಡನಾದವನು ಇದ್ದತ್, ಅಂದರೆ ತಲಾಕ್ ಆದ ಮೇಲೆ ಹೆಣ್ಣು ಮರುಮದುವೆಯಾಗದೆ ಕಾಯುವ ಸುಮಾರು ಮೂರು ತಿಂಗಳ, ಅವಧಿ'ಯೊಳಗೆ' ನ್ಯಾಯವಾದ ಏರ್ಪಾಡು ಮಾಡಬೇಕು ಅಂತಿತ್ತು. ಅವಧಿ'ಗೆ' ಅಂತಲ್ಲ. ಮೂರು ತಿಂಗಳ ಖರ್ಚು ಕೊಟ್ಟರೆ ಮುಗೀತು ಅಂದುಕೊಂಡವರೇ ಜಾಸ್ತಿ. ಶಾಬಾನು ಪರ ವಾದಿಸಿದ್ದ ಡೇನಿಯಲ್ ಲತೀಫಿ ಆ ಕಾಯ್ದೆಯನ್ನೇ ಪ್ರಶ್ನಿಸಿದ್ದರು. 2001ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಉಳಿಸಿತು, ಆದರೆ ಹೀಗೆ ಓದಿತು: ಕೊಡುವುದು ಇದ್ದತ್ತಿನೊಳಗೆ, ಕೊಡಬೇಕಾದ್ದು ಮುಂದಿನ ಬದುಕಿಗೆ ಸಾಲುವಷ್ಟು. ಒಂದು ಪ್ರತ್ಯಯ ನೋಡು, ಮಗಳೇ! ಅಷ್ಟರಲ್ಲಿ ಶಾಬಾನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಆಮೇಲಿನದು ನಿನಗೇ ಗೊತ್ತು. ತ್ರಿವಳಿ ತಲಾಕ್ 2017ರಲ್ಲಿ ರದ್ದಾಯಿತು, 2019ರಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲೂ ಬಂತು. ಗಂಡನೇ ಒಳಗೆ ಕೂತರೆ ಮನೆ ಖರ್ಚು ಯಾರು ಕೊಡ್ತಾರೆ ಅಂತ ನಿನ್ನ ಅಮ್ಮಿ ಅವತ್ತೇ ಕೇಳಿದ್ದಳು. ಸರಿಯಾಗೇ ಕೇಳಿದ್ದಳು, ಅಲ್ವಾ?

ನಮೂನೆ ಇದರ ಜೊತೆಗಿದೆ. ಮಹರ್ ಕಾಲಮ್ಮು ಖಾಲಿ ಬಿಟ್ಟಿದ್ದೇನೆ. ಮೊತ್ತ ನೀನೇ ಬರಿ. ಪೆನ್ಸಿಲ್ಲಿನಲ್ಲಿ ಬೇಡ.

ನಿನ್ನ
ಅಬ್ಬಾ