ಮುರಿದ ಬ್ಲೇಡಿಗೆ ಬೆಸುಗೆ ಬೇಡ

ಮಾನ್ಯ ಸಂಪಾದಕರೇ,

ನನ್ನ ಹಳೆಯ ಮಾರುತಿ ಜಿಪ್ಸಿಯ ಮುಂದಿನ ಸ್ಪ್ರಿಂಗ್ ಕಟ್ಟಿನ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಅಂದರೆ ಬ್ಲೇಡುಗಳು) ಮೇನ್ ಬ್ಲೇಡ್ ಮುರಿದಾಗ ನಗರದ ಗ್ಯಾರೇಜೊಂದು ಅದಕ್ಕೆ ಬೆಸುಗೆ ಹಾಕಿ ಕೊಟ್ಟಿತು. ಮುಂದಿನ ಪ್ರವಾಸದಲ್ಲಿ, ಶಿರಾಡಿ ಘಾಟಿಯ ಇಳಿಜಾರಿನಲ್ಲಿ, ಬೆಸುಗೆಯ ಪಕ್ಕದಲ್ಲೇ ಅದು ಮತ್ತೆ ತುಂಡಾಗಿ, ಚಕ್ರಗಳ ಅಚ್ಚಾದ ಆಕ್ಸಲ್ ಹಿಂದಕ್ಕೆ ಸರಿದು, ಸ್ಟೀರಿಂಗ್ ಒಂದೇ ಕಡೆಗೆ ಎಳೆಯತೊಡಗಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಸ್ಪ್ರಿಂಗ್ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸಿರುತ್ತಾರೆ. ಬೆಸುಗೆಯ ಬಿಸಿಗೆ ಆ ಹದ ಕೆಟ್ಟು, ಅಂಚಿನ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಜಿಪ್ಸಿಯಂತಹ ವಾಹನದಲ್ಲಿ ಈ ಬ್ಲೇಡುಗಳು ಭಾರ ಹೊರುವುದಷ್ಟೇ ಅಲ್ಲ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅವುಗಳದೇ ಕೆಲಸ. ಆದ್ದರಿಂದ ಇದನ್ನು ಬರಿಯ ಕುಲುಕಾಟದ ಪ್ರಶ್ನೆಯೆಂದು ಗ್ಯಾರೇಜಿನವರು ತಳ್ಳಿಹಾಕುವುದು ತಪ್ಪು.

ಈ ಬಾರಿ ಜೆ.ಸಿ. ರಸ್ತೆಯಲ್ಲಿ ಹೊಸ ಬ್ಲೇಡುಗಳನ್ನು ಕೊಂಡು, ಎರಡೂ ಬದಿಯ ಎತ್ತರ ಸಮನಾಗಿರಲೆಂದು ಜೋಡಿಯಾಗಿಯೇ ಬದಲಿಸಿದೆ. ಬ್ಲೇಡುಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್, ಕಟ್ಟನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್, ಸ್ಪ್ರಿಂಗಿನ ತುದಿಗಳಲ್ಲಿರುವ ರಬ್ಬರ್ ಬುಷ್‌ಗಳನ್ನೂ ಹೊಸದಾಗಿ ಹಾಕಿಸಿದೆ. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯ, ಅಂದರೆ ಶ್ಯಾಕಲ್‌ನ, ಬೋಲ್ಟುಗಳನ್ನು ವಾಹನ ಚಕ್ರಗಳ ಮೇಲೆ ನಿಂತ ನಂತರವೇ ಪೂರ್ತಿ ಬಿಗಿಮಾಡಬೇಕು, ಇಲ್ಲವಾದರೆ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಯು-ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಬೇಕು. ಈ ಎರಡು ಮಾತುಗಳನ್ನು ನನಗೆ ಹೇಳಿದವರು ಕಲಾಸಿಪಾಳ್ಯದ ಒಬ್ಬ ಹಿರಿಯ ಮೇಸ್ತ್ರಿ.

ಬ್ಲೇಡಿಗೆ ಬೆಸುಗೆ ಹಾಕುವ ಪದ್ಧತಿಯನ್ನು ನಗರದ ಗ್ಯಾರೇಜುಗಳು ಕೈಬಿಡಬೇಕೆಂದೂ, ಸಾಮರ್ಥ್ಯ ಪರೀಕ್ಷೆಗೆ ಬರುವ ಹಳೆಯ ವಾಹನಗಳ ಬ್ಲೇಡುಗಳನ್ನು ಸಾರಿಗೆ ಅಧಿಕಾರಿಗಳು ಕೆಳಗಿನಿಂದ ಬಗ್ಗಿ ನೋಡಬೇಕೆಂದೂ ಕಳಕಳಿಯಿಂದ ಕೋರುತ್ತೇನೆ.

— ಓದುಗ, ಬಸವನಗುಡಿ, ಬೆಂಗಳೂರು