ಡಾಕ್ಸಿಸೈಕ್ಲಿನ್ ಶುರು ಮಾಡಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನಗೆ ಇಲಿ ಜ್ವರ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಡಾಕ್ಟರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡರಂತೆ 7 ದಿನಕ್ಕೆ ಬರೆದಿದ್ದಾರಂತೆ. ಈ ಜ್ವರಕ್ಕೆ ಒಳ್ಳೆಯ ಔಷಧಿಯೇ. ಆದರೆ ಹೊಟ್ಟೆ ತೊಳಸುತ್ತೆ, ಬಿಟ್ಟುಬಿಡ್ತೀನಿ ಅಂತಿದ್ದೀಯಂತಲ್ಲ, ಅದಕ್ಕೇ ಈ ಕಾಗದ.

ಸುಮ್ನೆ ಬಿಡಬೇಡ. ಮೊದಲು ನುಂಗುವ ರೀತಿ ಸರಿಮಾಡಿಕೋ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಜಾಸ್ತಿ. ಗಂಜಿಯನ್ನೋ ಇಡ್ಲಿಯನ್ನೋ ತಿಂದು, ದೊಡ್ಡ ಲೋಟದ ತುಂಬ ನೀರಿನ ಜೊತೆ ನುಂಗು. ಒಂದೇ ಗುಟುಕು ನೀರು ಕುಡಿದು ಹಾಗೇ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಆಮೇಲೆ ಎಂಜಲು ನುಂಗಿದರೂ ಎದೆಯ ನಡುವೆ ಚುಚ್ಚಿದಂತೆ ನೋವು. ರಾತ್ರಿಯದನ್ನು ಊಟದ ಜೊತೆಗೇ ಮುಗಿಸು, ಕಡೇಪಕ್ಷ ಅರ್ಧ ಗಂಟೆ ನೆಟ್ಟಗೆ ಕೂತಿರು.

ಹಾಲಿನ ಜೊತೆ ಬೇಡ. ಗ್ಯಾಸಿಗೆ ಕುಡಿಯುವ ಬಿಳಿ ಔಷಧಿಯೂ, ನೀನು ತಗೊಳ್ಳುವ ಕಬ್ಬಿಣದ ಮಾತ್ರೆಯೂ ಇದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಈ ವಾರ ಕಬ್ಬಿಣದ ಮಾತ್ರೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನೇ ಕೇಳು. ಮುಟ್ಟು ತಡವಾಗಿದ್ದರೆ ಅದನ್ನೂ ಇವತ್ತೇ ಹೇಳು. ಬಸುರಿಯರಿಗೆ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ.

ಅಂಗಳದಲ್ಲಿ ಅಡಿಕೆ ಹರವೋಕೆ ಹೋಗಬೇಡ. ಈ ಮಾತ್ರೆ ತಗೊಳ್ಳುವಾಗ ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟಂತೆ ಕೆಂಪಾಗುತ್ತದೆ. ಹೋಗಲೇಬೇಕಾದರೆ ತುಂಬು ತೋಳಿನ ಅಂಗಿ ಹಾಕಿಕೋ.

ಒಂದೆರಡು ಸಲ ಭೇದಿಯಾದರೆ ಗಾಬರಿ ಬೇಡ, ನೀರುಮಜ್ಜಿಗೆ ಕುಡಿ. ಕೆಳಗೆ ತುರಿಕೆ, ಬಿಳಿ ಸ್ರಾವ ಕಂಡರೆ ನಾಚಿಕೊಂಡು ಮುಚ್ಚಿಡಬೇಡ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಶಿಲೀಂಧ್ರ ಬೆಳೆಯುವುದು ಮಾಮೂಲು, ಅದಕ್ಕೂ ಔಷಧಿ ಇದೆ.

ಆದರೆ ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ ಮುಂದಿನ ಮಾತ್ರೆ ಮುಟ್ಟಬೇಡ, ತಕ್ಷಣ ಆಸ್ಪತ್ರೆಗೆ ಹೊರಡು. ತಲೆನೋವಿನ ಜೊತೆ ಕಣ್ಣು ಮಂಜಾದರೂ ಅಷ್ಟೇ. ಭೇದಿಯಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಕೂರಬೇಡ, ತೋರಿಸು. ಕೋರ್ಸ್ ಮುಗಿದು ಕೆಲವು ವಾರ ಆದಮೇಲೂ ಇದು ಬರಬಹುದು.

ಇನ್ನೊಂದು ವಿಷಯ ನನಗೆ ತುಂಬ ಚಿಂತೆ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಮಾತ್ರೆಯ ಉಷ್ಣ ಅಂತ ಎಳನೀರು ಕುಡಿದು ಮನೆಯಲ್ಲಿ ಇರಬೇಡ. ಅದು ಜ್ವರವೇ ಲಿವರ್, ಕಿಡ್ನಿಗೆ ಇಳಿದಿರುವ ಗುರುತು. ರಾತ್ರಿಯಾದರೂ ಸರಿ, ಅಪ್ಪನನ್ನು ಎಬ್ಬಿಸಿ ಹೊರಡು. ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಿ. ಗಾಬರಿಯಲ್ಲಿ ಹೆಸರು ನೆನಪಾಗಲ್ಲ.

ನಾಳೆ ತಿಂಡಿ ತಿಂದು ಮಾತ್ರೆ ತಗೊಂಡಮೇಲೆ ಹೊಟ್ಟೆ ಹೇಗಿತ್ತು ಅಂತ ಫೋನ್ ಮಾಡು.

ನಿನ್ನ ದೊಡ್ಡಮ್ಮ