ಕೌದಿ ಹಾಸಿ ಕುಳಿತ ಚಿಗವ್ವನಿಗೆ, ಉಳಿದ ಎಲ್ಲರಿಗೂ

ನಮ್ಮೂರ ಪಕ್ಕದ ಖಡಿ ಮಷಿನ್ ಕ್ವಾರಿಯ, ಅಂದರೆ ಜಲ್ಲಿ ಒಡೆಯುವ ಕಲ್ಲು ಗಣಿಯ, ವಿಸ್ತರಣೆಗೆ ಪರಿಸರ ಅನುಮತಿ ಸಿಗಲಿಲ್ಲ. ಆ ಪತ್ರದ ನಕಲು ಕಳೆದ ವಾರ ಪಂಚಾಯಿತಿಗೆ ಬಂದಿದೆ. ಯಾರ್ಯಾರದೋ ಮೊಬೈಲಿನಲ್ಲಿ ಅದರ ಫೋಟೊ ಸುತ್ತಾಡಿ ನನ್ನ ಕೈಗೆ ಬರುವಷ್ಟರಲ್ಲಿ ಅಕ್ಷರಗಳು ಮಸುಕಾಗಿದ್ದವು, ಆದರೆ ಬೇಕಾದ ಸಾಲು ಓದಲು ಬಂದಿತು. ಹೋರಾಟದ ಕಥೆಯನ್ನು ಮತ್ತೆ ಹೇಳುವುದಿಲ್ಲ. ಇದನ್ನು ಓದುವವರಲ್ಲಿ ಅರ್ಧ ಜನ ಅದರೊಳಗೇ ಇದ್ದವರು. ಧನ್ಯವಾದ ಹೇಳುವುದೊಂದು ಬಾಕಿ ಇದೆ. ಅದನ್ನು ಎಲ್ಲರಿಗೂ ಸಮನಾಗಿ ಹಂಚಲು ನನ್ನಿಂದ ಆಗದು, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಕಟ್ಟೆಯ ಮೇಲಿನ ಅಜ್ಜಂದಿರಿಗೆ. 2015ರಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ ಮರುವರ್ಷವೇ ಆದೇಶವನ್ನು ಹಿಂದಕ್ಕೆ ಪಡೆದಾಗ, 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ನಮ್ಮೂರಿನ ಅಜ್ಜಂದಿರು ಅಲ್ಲಿ ಕುಳಿತು ಬಂದವರು. ಆ ಏಪ್ರಿಲ್‌ನಲ್ಲಿ ಮಾನ್ಯತೆ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವೂ ಆಯಿತು. ಆದರೆ ಅದರ ಗಡಿ ನಮ್ಮ ಊರಿಗಿಂತ ಆಚೆಗೇ ನಿಂತಿತು. ನಮ್ಮ ಹೊಲಗಳ ಬದಿಯ, ಕ್ವಾರಿಯವರು ಕಣ್ಣಿಟ್ಟ ದಿನ್ನೆಯನ್ನು ಯಾವ ನಕ್ಷೆಯೂ ತನ್ನದೆನ್ನಲಿಲ್ಲ. "ದೊಡ್ಡ ಗುಡ್ಡಕ್ಕೆ ಸ್ವಾಮಿಗಳು ಕುಳಿತರು. ಈ ದಿನ್ನೆಗೆ ನೀವೇ ಕೂಡಬೇಕು" ಎಂದು ನಮ್ಮನ್ನು ಎಬ್ಬಿಸಿದವರು ಆ ಅಜ್ಜಂದಿರೇ.

ಸರ್ವೆ ನಂಬರುಗಳನ್ನು ಹೊಲಕ್ಕೆ ಹೋಗಿ ತಾಳೆ ನೋಡಿದ ನಿವೃತ್ತ ಭೂಮಾಪಕ ಕಾಕಾ, ಟೈಪಿಂಗ್ ಖರ್ಚನ್ನಷ್ಟೇ ತೆಗೆದುಕೊಂಡ ಧಾರವಾಡದ ವಕೀಲರು, ಮನೆ ಮನೆ ತಿರುಗಿ ಗೋಡೆಯ ಬಿರುಕುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದ ಕಾಲೇಜು ಹುಡುಗ ಹುಡುಗಿಯರು, ಬ್ಯಾನರ್ ಬಟ್ಟೆ ಕೊಟ್ಟ ಅಂಗಡಿಯವರು, ಎಲ್ಲರಿಗೂ ಶರಣು. ಕ್ವಾರಿಯವರ ಪರಿಸರ ವರದಿಯಲ್ಲಿ ಸುತ್ತಲಿನ ಮುಖ್ಯ ಬೆಳೆ ಅಡಿಕೆ ಎಂದು ಬರೆದಿದ್ದುದನ್ನು ಹುಡುಕಿ ತೆಗೆದವಳು ದ್ವಿತೀಯ ಪಿಯುಸಿಯ ಹುಡುಗಿ. ನಮ್ಮೂರಿನಲ್ಲಿ ಅಡಿಕೆ ಕಾಣುವುದು ಪಾನ್ ಅಂಗಡಿಯಲ್ಲಿ ಮಾತ್ರ. ಇಲ್ಲಿ ಬೆಳೆಯುವುದು ಹತ್ತಿ, ಶೇಂಗಾ, ಹೆಸರು, ಜೋಳ. ಯಾವುದೋ ಬೇರೆ ಜಿಲ್ಲೆಯ ವರದಿಯನ್ನು ಎತ್ತಿ ಇಟ್ಟಿದ್ದರು, ಅಷ್ಟೇ.

ಪರಿಸರ ಅನುಮತಿಗೆ ಮುಂಚೆ ಜನರ ಮಾತು ಕೇಳುವ ಅಹವಾಲು ಸಭೆಯ ದಿನ ಹತ್ತಿ ಬಿಡಿಸುವ ಕೂಲಿ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಬೇರೆಯಾಗಿಯೇ ಹೇಳಬೇಕು. ಆ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕು ಎಂಬುದಿಲ್ಲ. ನಾಲ್ಕೇ ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ವಕೀಲರು ಇದನ್ನು ತಿಳಿಸಿದ ಮೇಲೆ ನೀವು ಒಂದು ದಿನದ ಪಗಾರ ಕೈಬಿಟ್ಟಿರಿ. ಹತ್ತಿ ಕಾಯಿ ಒಡೆಯುವ ಹೊತ್ತಿಗೆ ಧೂಳು ಕೂತರೆ ಅಡತಿಯಲ್ಲಿ ದರ ಎಷ್ಟು ಇಳಿಯುತ್ತದೆ ಎಂದು ಅಧಿಕಾರಿಗಳ ಎದುರಿನಲ್ಲಿ ನೀವು ಹೇಳಿದಂತೆ ನಾವು ಓದಿದವರು ಹೇಳಲಾರೆವು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದದ್ದನ್ನೂ, ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಜನ ಸತ್ತದ್ದನ್ನೂ ನೆನಪಿಸಿದವರು ನೀವೇ. ಪರಿಸರ ಅನುಮತಿಯ ಬಗ್ಗೆ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆಯ ಪ್ರಕಾರ ಸಭೆಯ ಸಾರಾಂಶವನ್ನು ಕೊನೆಯಲ್ಲಿ ಜನರ ಭಾಷೆಯಲ್ಲೇ ಓದಿ ಹೇಳಬೇಕು. ಅದನ್ನು ಓದಿ ಮುಗಿಸುವವರೆಗೆ ಒಬ್ಬರೂ ಏಳಲಿಲ್ಲ.

ಈಗ ಚಿಗವ್ವನ ಮಾತು.

ರಾತ್ರಿ ಹೊತ್ತು ಓಡಾಡುತ್ತಿದ್ದ ಟಿಪ್ಪರುಗಳನ್ನು ತಡೆದದ್ದಕ್ಕೆ ಊರಿನ ಗಂಡಸರನ್ನು ಠಾಣೆಗೆ ಒಯ್ದರಲ್ಲ, ಆ ರಾತ್ರಿ. ನಮ್ಮ ಮನೆಯವರೂ ಅವರಲ್ಲಿ ಒಬ್ಬರು. ನಾವು ಹೆಂಗಸರು ಠಾಣೆಯ ಎದುರಿನ ಬೇವಿನ ಮರದ ಕೆಳಗೆ ನಿಂತೆವು. ಮಾಗಿಯ ಚಳಿ, ಮೇಲೆ ನಮ್ಮ ಬಯಲಿನ ಗಾಳಿ. ಹೊತ್ತು ಏರಿದಂತೆ ಒಬ್ಬೊಬ್ಬರೇ ಕೂಸುಗಳಿಗಾಗಿ, ದನಗಳಿಗಾಗಿ ಊರಿಗೆ ಮರಳಿದರು. ತಪ್ಪಲ್ಲ ಅದು, ಮನೆ ಯಾರು ನೋಡಬೇಕು? ಕೊನೆಗೆ ಉಳಿದವಳು ನಾನೊಬ್ಬಳೇ ಎಂದುಕೊಳ್ಳುವಷ್ಟರಲ್ಲಿ ಚಿಗವ್ವ ಬಂದಳು. ಕಂಕುಳಲ್ಲಿ ಕೌದಿ, ಕೈಯಲ್ಲಿ ರೊಟ್ಟಿಯ ಬುತ್ತಿ. ಏನೂ ಕೇಳಲಿಲ್ಲ. ಕೌದಿ ಹಾಸಿ, ಒಂದು ತುದಿಯಲ್ಲಿ ತಾನು ಕುಳಿತು, ಇನ್ನೊಂದು ತುದಿಯನ್ನು ಅಂಗೈಯಿಂದ ತಟ್ಟಿದಳು.

ಅವಳು ನಮ್ಮ ಸಭೆಗಳಿಗೆ ಬಂದವಳಲ್ಲ. ಬರುವ ಹಾಗೂ ಇರಲಿಲ್ಲ. ಅವಳ ಮಗ ಅದೇ ಕ್ವಾರಿಯ ಟಿಪ್ಪರ್ ಡ್ರೈವರ್. ನಮ್ಮವರೇ ಕೆಲವರು ಅವಳ ಮನೆಯ ಮುಂದೆ ಹಾಯುವಾಗ ಮಾತು ನಿಲ್ಲಿಸುತ್ತಿದ್ದರು. ಅದನ್ನೆಲ್ಲ ಅವಳು ಎತ್ತಲಿಲ್ಲ. ಬಹಳ ಹೊತ್ತಿನ ನಂತರ ನಾನೇ ಕೇಳಿದೆ, ನೀನು ಯಾಕೆ ಬಂದೆ ಎಂದು. "ಅವನ ಅಂಗಿ ಒಗೆಯುವವಳು ನಾನು. ಮೂರು ನೀರಿಗೂ ಬೂದಿ ಬಿಡುವುದಿಲ್ಲ. ಎದೆಯೊಳಗೆ ಎಷ್ಟು ಕುಳಿತಿದೆಯೋ?" ಎಂದಳು. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟಳು.

ನಡುರಾತ್ರಿ ದಾಟಿದ ಮೇಲೆ ಒಬ್ಬ ಹಿರಿಯರು ರಾಜಿ ಪತ್ರ ಹಿಡಿದು ಬಂದರು. ಕ್ವಾರಿಗೆ ನಮ್ಮ ತಕರಾರಿಲ್ಲ ಎಂದು ಸಹಿ ಮಾಡಿದರೆ ಗಂಡಸರು ಬೆಳಗಿನೊಳಗೆ ಮನೆಯಲ್ಲಿರುತ್ತಾರೆ ಎಂದರು. ನನ್ನ ಕೈ ನಡುಗುತ್ತಿತ್ತು. ಮನೆಯವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ಮನೆಯಲ್ಲೇ ಉಳಿದಿತ್ತು. ಚಿಗವ್ವನಿಗೆ ಓದಲು ಬಾರದು. ಆದರೂ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ತನ್ನ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟಳು. "ಬೆಳಕು ಹರಿಯಲಿ ಯಜಮಾನರೇ, ಹುಡುಗಿ ಓದಿ ನೋಡುತ್ತಾಳೆ. ಮೊದಲು ಆ ಮಾತ್ರೆ ಒಳಗೆ ಮುಟ್ಟುವ ಹಾಗೆ ಮಾಡಿರಿ" ಎಂದಳು. ಅವರು ಹೋದ ಮೇಲೆ ನಾನು ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಊರಿನ ಮೇಲೆ, ಕ್ವಾರಿಯ ಮೇಲೆ, ಬಿಟ್ಟು ಹೋದವರ ಮೇಲೆ, ಮನೆಯವರ ಮೇಲೂ ಸಿಟ್ಟು ಬಂದಿತ್ತು. ಯಾರ ದಿನ್ನೆ, ನನಗೇಕೆ ಬೇಕಿತ್ತು ಎಂದು ಬಾಯಿ ಬಿಟ್ಟೇ ಬೈದೆ. ಅವಳು ಬೈಯಲು ಬಿಟ್ಟಳು. ಸಮಾಧಾನದ ಒಂದು ಮಾತನ್ನೂ ಆಡದೆ ಸೊಳ್ಳೆ ಓಡಿಸುತ್ತಾ ಕುಳಿತಳು.

ಮಾತ್ರೆ ಒಳಗೆ ಮುಟ್ಟಿತು. ಮಧ್ಯಾಹ್ನ ವಕೀಲರು ಬಂದು ಎಲ್ಲರಿಗೂ ಜಾಮೀನು ಕೊಡಿಸಿದರು. ರಾಜಿ ಪತ್ರ ಸಂಚಿಯಲ್ಲೇ ಉಳಿದು ಸುಣ್ಣ ಮೆತ್ತಿಕೊಂಡಿತು.

ಆ ವಾರವೇ ಅವಳ ಮಗನಿಗೆ ನಾಳೆಯಿಂದ ಬರಬೇಡ ಎಂದರು. ಅವಳು ನನಗೆ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಅವನು ಈಗ ಹತ್ತಿ ಲಾರಿ ಓಡಿಸುತ್ತಾನೆ, ಅದಕ್ಕೇ ಇಷ್ಟನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಹೆಸರು ಮಾತ್ರ ಬರೆಯಬೇಡ ಎಂದಿದ್ದಾಳೆ. ಊರಿಗೆ ಗೊತ್ತಿರುವ ಹೆಸರು ಕಾಗದದ ಮೇಲೆ ಏಕೆ ಎಂಬುದು ಅವಳ ವಾದ. ಅವನ ಕೆಲಸ ಹೋದ ತಿಂಗಳುಗಳಲ್ಲಿ ಅವರ ಮನೆಗೆ ಜೋಳದ ಚೀಲ ಇಳಿಸಿ, ಯಾರೆಂದು ಹೇಳದೆ ಹೋದವರಿಗೆ ನನ್ನ ನಮಸ್ಕಾರ.

ಕ್ವಾರಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ನಿಂತಿರುವುದು ವಿಸ್ತರಣೆ ಮಾತ್ರ. ಹಳೆಯ ಗುತ್ತಿಗೆ ಇನ್ನೂ ಜೀವಂತವಾಗಿದೆ, ಮಧ್ಯಾಹ್ನದ ಬ್ಲಾಸ್ಟಿಂಗ್ ಎಂದಿನಂತೆ ನಡೆಯುತ್ತಿದೆ. ಹುಡುಗರು ಬಿರುಕುಗಳ ನೋಟ್‌ಬುಕ್ ಬಿಡಬೇಡಿ. ಗಂಡಸರ ಮೇಲಿನ ಪ್ರಕರಣದ ವಾಯಿದೆ ಮುಂದಿನ ಸೋಮವಾರ ಇದೆ. ಬರುವವರು ಮೊದಲ ಬಸ್ಸಿಗೇ ಬನ್ನಿ, ರೊಟ್ಟಿ ಪಲ್ಲೆ ನಮ್ಮ ಮನೆಯಿಂದ ಬರುತ್ತದೆ.